ಬೆರಳಿಗೊಂದು ಪುಟ, ಮಂದ ಕಣ್ಣಿಗೊಂದು ಪುಟ

ಹಿಂದಿನ ಸಂಚಿಕೆಯಲ್ಲಿ ಬ್ರೈಲ್ ಪುಸ್ತಕ ಹೇಗೆ ತಯಾರಾಗುತ್ತದೆ ಅಂತ ಒಬ್ಬರು ಕೇಳಿದ್ದಕ್ಕೆ ನಾಲ್ಕು ಸಾಲಿನ ಉತ್ತರ ಕೊಟ್ಟು ಕೈ ತೊಳೆದುಕೊಂಡಿದ್ದೆ. ನೀವು ಬಿಡಬೇಕಲ್ಲ! ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ ವಿಷಯ. ಹಾಗಾಗಿ ಉಳಿದ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಈ ಸಲದ ಅಂಕಣ ಪೂರ್ತಿ ಬ್ರೈಲ್ ಮತ್ತು ದೊಡ್ಡಕ್ಷರದ ಮುದ್ರಣಕ್ಕೆ. ಈ ಕೆಲಸಕ್ಕೆ ಕೈ ಹಾಕಿ ನನಗೂ ಹಲವು ವರ್ಷ ಆಯಿತು. ಕೈ ಸುಟ್ಟುಕೊಂಡದ್ದೂ ಇದೆ, ಅದನ್ನೂ ಹೇಳುತ್ತೇನೆ.

ನಮ್ಮದು ಚಿಕ್ಕ ಸಂಘ. ವರ್ಷಕ್ಕೊಂದು 24 ಪುಟದ ಕೈಪಿಡಿ ತರುತ್ತೇವೆ. ಸದಸ್ಯರಲ್ಲಿ ನಾಲ್ವರಿಗೆ ದೃಷ್ಟಿಯ ತೊಂದರೆ ಇದೆ. ಈ ವರ್ಷ ಅವರಿಗೆ ಬ್ರೈಲ್ ಪ್ರತಿ ಕೊಡಬೇಕು ಅಂತ ಸಭೆಯಲ್ಲಿ ತೀರ್ಮಾನ ಆಗಿದೆ. ಮಷಿನ್ ಕೊಂಡುಕೊಳ್ಳಬೇಕಾ? ಎಲ್ಲಿಂದ ಶುರು ಮಾಡೋದು? – ಸಂಘದ ಕಾರ್ಯದರ್ಶಿ

ತೀರ್ಮಾನ ಮಾಡಿದ ಸಭೆಯಲ್ಲಿ ಆ ನಾಲ್ವರು ಇದ್ದರಾ? ಅವರನ್ನು ಯಾರಾದರೂ ಕೇಳಿದಿರಾ?

ಸುಮ್ನೆ ಕೆಣಕುತ್ತಿಲ್ಲ. ಕಣ್ಣಿನ ತೊಂದರೆ ಅಂದ ಕೂಡಲೇ ಬ್ರೈಲ್ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಬ್ರೈಲ್ ಕಲಿತವರು ಮಾತ್ರ ಬ್ರೈಲ್ ಓದುತ್ತಾರೆ. ಅರವತ್ತು ದಾಟಿದ ಮೇಲೆ ದೃಷ್ಟಿ ಕಳೆದುಕೊಂಡವರಲ್ಲಿ ಬಹಳ ಜನ ಅದನ್ನು ಕಲಿತೇ ಇರುವುದಿಲ್ಲ. ಸ್ವಲ್ಪ ಕಾಣಿಸುವವರಿಗೆ ದೊಡ್ಡಕ್ಷರ ಸಾಕಾಗಬಹುದು. ಇನ್ನು ಕೆಲವರು ಫೈಲ್ ಕಳಿಸಿ ಸಾಕು, ಫೋನಲ್ಲಿ ಓದಿಸಿಕೊಳ್ಳುತ್ತೇನೆ ಅನ್ನುತ್ತಾರೆ. ನಾಲ್ಕು ಜನರಿಗೆ ನಾಲ್ಕು ಫೋನ್ ಮಾಡಿ. ನನ್ನ ಅಂದಾಜು, ಒಬ್ಬರಿಗೆ ಬ್ರೈಲ್, ಇಬ್ಬರಿಗೆ ದೊಡ್ಡಕ್ಷರ, ಒಬ್ಬರಿಗೆ ಫೈಲ್ ಅಂತ ಬರುತ್ತದೆ. ತಪ್ಪಿದ್ದರೆ ಬರೆದು ತಿಳಿಸಿ.

ಮಷಿನ್ ಬೇಡವೇ ಬೇಡ. ಬ್ರೈಲ್ ಒತ್ತುವ ಯಂತ್ರಕ್ಕೆ ಎಂಬಾಸರ್ ಅನ್ನುತ್ತಾರೆ. ದುಬಾರಿ, ಸದ್ದೂ ಜೋರು, ವರ್ಷಕ್ಕೊಂದು ಕೈಪಿಡಿಗೆ ಅದನ್ನು ತರುವುದು ಅಂದರೆ ಒಂದು ಮದುವೆ ಪತ್ರಿಕೆಗೆ ಪ್ರೆಸ್ಸನ್ನೇ ಕೊಂಡ ಹಾಗೆ. ಎಂಬಾಸರ್ ಇರುವ ಕಡೆಗೆ ಫೈಲ್ ಕಳಿಸಿ ಒತ್ತಿಸಿಕೊಳ್ಳಿ. ನಿಮ್ಮ ಕೆಲಸ ಏನಿದ್ದರೂ ಆ ಫೈಲನ್ನು ಸರಿಯಾಗಿ ಸಿದ್ಧ ಮಾಡುವುದು, ಮತ್ತು ಶ್ರಮ ಇರುವುದೂ ಅಲ್ಲೇ.

ಗಾತ್ರದ ಅಂದಾಜೂ ಇಟ್ಟುಕೊಳ್ಳಿ. ಬ್ರೈಲಿನ ಒಂದು ಮನೆಗೆ ಸೆಲ್ ಅನ್ನುತ್ತಾರೆ, ಅದರಲ್ಲಿ ಆರು ಚುಕ್ಕಿಗಳಿಗೆ ಜಾಗ. ಎಡಗಡೆ ಮೇಲಿಂದ ಕೆಳಗೆ 1, 2, 3, ಬಲಗಡೆ 4, 5, 6. ದೊಡ್ಡ ಬ್ರೈಲ್ ಹಾಳೆಯಲ್ಲೂ ಸಾಲಿಗೆ ಸುಮಾರು 40 ಸೆಲ್, ಪುಟಕ್ಕೆ 25 ಸಾಲು, ಅಂದರೆ ಪದಗಳ ನಡುವಿನ ಖಾಲಿ ಜಾಗವನ್ನೂ ಸೇರಿಸಿ ಸಾವಿರ ಸೆಲ್. ಅದರಲ್ಲೂ ನಮ್ಮ ಕಾಗುಣಿತ ಜಾಗ ತಿನ್ನುತ್ತದೆ. ಅಚ್ಚಿನಲ್ಲಿ 'ಕಿ' ಒಂದೇ ಅಕ್ಷರ, ಬ್ರೈಲಲ್ಲಿ ಕ ಮತ್ತು ಇ, ಎರಡು ಸೆಲ್. ಒತ್ತಕ್ಷರವನ್ನು ಕೆಳಗೆ ಇಳಿಬಿಡುವ ಹಾಗಿಲ್ಲ, ಎಲ್ಲ ಒಂದೇ ಸಾಲಲ್ಲಿ ಬರಬೇಕು. ಅದಕ್ಕೇ ಒತ್ತು ಬರುತ್ತಿದೆ ಅಂತ ಮೊದಲೇ ಹೇಳುವ ಒಂದು ಚಿಹ್ನೆ ಹಾಕಿ ಆಮೇಲೆ ವ್ಯಂಜನಗಳನ್ನು ಸಾಲಾಗಿ ಬರೆಯುತ್ತಾರೆ. 'ಕನ್ನಡ' ಅನ್ನುವುದಕ್ಕೆ ಐದು ಸೆಲ್, 'ಪುಸ್ತಕ' ಅನ್ನುವುದಕ್ಕೆ ಆರು. ನಿಮ್ಮ 24 ಪುಟ ಸಲೀಸಾಗಿ ಅರುವತ್ತು ದಾಟಬಹುದು. ಅದನ್ನು ನೋಡಿ ಗಾಬರಿಯಾಗಬೇಡಿ.

ಮಂದದೃಷ್ಟಿ ಇರುವವರಿಗಾಗಿ ನಮ್ಮ ವಾರ್ತಾಪತ್ರವನ್ನು ಎ4ನಿಂದ ಎ3ಗೆ ಜೆರಾಕ್ಸ್ ಮಾಡಿಸಿ ದೊಡ್ಡದು ಮಾಡಿ ಕೊಟ್ಟೆವು. ಆದರೂ ಓದಲಾಗುತ್ತಿಲ್ಲ ಅಂತಾರೆ. ಇನ್ನೇನು ಮಾಡಬೇಕು? – ಸ್ವಯಂಸೇವಕಿ

ಎ4ನಿಂದ ಎ3 ಅಂದರೆ 141 ಪರ್ಸೆಂಟ್. ಮೂಲದಲ್ಲಿ 12 ಪಾಯಿಂಟ್ ಇದ್ದ ಅಕ್ಷರ 17ರ ಹತ್ತಿರ ಬರುತ್ತದೆ, 10 ಇದ್ದದ್ದು 14. ದೊಡ್ಡಕ್ಷರ ಅಂತ ಕರೆಯಬೇಕಾದರೆ 18 ಪಾಯಿಂಟ್ ಆದರೂ ಇರಲಿ ಅನ್ನುವುದು ಈ ಕೆಲಸ ಮಾಡುವವರ ವಾಡಿಕೆ. ಅಂದರೆ ನೀವು ಹಾಳೆಯನ್ನು ಚಾಪೆಯಷ್ಟು ಮಾಡಿಯೂ ಅಕ್ಷರ ಅಲ್ಲಿಗೆ ಮುಟ್ಟಲಿಲ್ಲ. ಜೊತೆಗೆ ಅಂಚಿನ ಖಾಲಿ ಜಾಗವೂ ದೊಡ್ಡದಾಯಿತು, ಜೆರಾಕ್ಸಿನ ಮಸುಕೂ ದೊಡ್ಡದಾಯಿತು. ಕಣ್ಣಿಗೆ ಹತ್ತಿರ ಹಿಡಿದು ಓದುವವರು ಎ3 ಹಾಳೆಯನ್ನು ಹೇಗೆ ಹಿಡಿಯಬೇಕು ಹೇಳಿ.

ಹಾಳೆಯನ್ನು ಎ4ನಲ್ಲೇ ಬಿಡಿ, ಫೈಲನ್ನು ತೆಗೆದು ಅಕ್ಷರವನ್ನು ದೊಡ್ಡದು ಮಾಡಿ. ಪುಟ ಜಾಸ್ತಿಯಾಗುತ್ತದೆ, ಆಗಲಿ. ಕನ್ನಡದಲ್ಲಿ ಇನ್ನೊಂದು ಮೋಸ ಇದೆ. ಮೇಲೆ ಗುಡಿಸು, ತಲೆಕಟ್ಟು, ಕೆಳಗೆ ಒತ್ತು, ಇವಕ್ಕೆಲ್ಲ ಜಾಗ ಬಿಟ್ಟು ಫಾಂಟ್ ಮಾಡಿರುತ್ತಾರೆ. ಹಾಗಾಗಿ 18 ಪಾಯಿಂಟ್ ಅಂತ ಹಾಕಿದರೂ ಅಕ್ಷರದ ಮೈ ಚಿಕ್ಕದಾಗಿಯೇ ಕಾಣಬಹುದು. ಒಂದು ಫಾಂಟಿನ 18 ಇನ್ನೊಂದರ 15ರ ಹಾಗಿರುತ್ತದೆ. ಆದ್ದರಿಂದ ನಂಬರ್ ನಂಬಬೇಡಿ. ಒಂದೇ ಪ್ಯಾರಾವನ್ನು 18, 22, 26ರಲ್ಲಿ ಪ್ರಿಂಟ್ ತೆಗೆದು ಓದುವವರ ಕೈಗೆ ಕೊಡಿ, ಅವರೇ ಆರಿಸಲಿ.

ಆಮೇಲೆ ಅಕ್ಷರದ ಗೆರೆ. ಸಣ್ಣ ಎಳೆಯ ಚೆಂದದ ಫಾಂಟುಗಳು ಬೇಡ, ಗೆರೆ ಒಂದೇ ಸಮ ದಪ್ಪ ಇರುವುದು ಬೇಕು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಇವುಗಳ ನಡುವೆ ಇರುವುದು ಕೆಳಗಿನ ಒಂದು ಚಿಕ್ಕ ಸೀಳು ಅಷ್ಟೇ. ಮಂದ ಕಣ್ಣಿಗೆ ಮೊದಲು ಮಾಯವಾಗುವುದೇ ಅದು. ಪ ಮತ್ತು ಷ ಕೂಡ ಹಾಗೇ, ಹೊಟ್ಟೆಯೊಳಗಿನ ಒಂದು ಗೆರೆ. ಅಂತ ಇಡೀ ಪುಟವನ್ನು ಬೋಲ್ಡ್ ಮಾಡಿಬಿಡಬೇಡಿ, ಆಗ ಒಳಗಿನ ಜಾಗ ತುಂಬಿಕೊಂಡು ಎಲ್ಲವೂ ಕಪ್ಪು ಗುಂಡುಗಳಾಗುತ್ತವೆ. ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಗುದ್ದುತ್ತದೆ. ಪದದ ಕೆಳಗೆ ಗೆರೆ ಎಳೆಯಲೇಬೇಡಿ. ಅದು ಒತ್ತಕ್ಷರವನ್ನು ಅರ್ಧಕ್ಕೆ ಕತ್ತರಿಸುತ್ತದೆ. ಓರೆ ಅಕ್ಷರವೂ ಬೇಡ. ಬಲಗಡೆ ಅಂಚನ್ನು ಸಮ ಮಾಡುವ ಚಟವನ್ನೂ ಬಿಡಿ, ನಮ್ಮ ಪದಗಳು ಉದ್ದ, ಸಾಲಿಗೆ ನಾಲ್ಕೇ ಪದ ಕೂತಾಗ ನಡುವೆ ಗುಂಡಿಗಳು ಬೀಳುತ್ತವೆ, ಕಣ್ಣು ಆ ಗುಂಡಿಯಲ್ಲಿ ಬಿದ್ದರೆ ಸಾಲು ತಪ್ಪುತ್ತದೆ.

ಕಾಗದ ಹೊಳೆಯುವುದು ಬೇಡ. ಹಿಂದಿನ ಪುಟದ ಅಕ್ಷರ ಈಚೆಗೆ ಕಾಣದಷ್ಟು ದಪ್ಪ ಇರಲಿ. ಬಿಳಿ ಅಥವಾ ತಿಳಿ ಕೆನೆ ಬಣ್ಣದ ಮೇಲೆ ಕಡುಕಪ್ಪು. ಫೋಟೋ ಮೇಲೆ ಅಕ್ಷರ ಹಾಕುವ ಡಿಸೈನರ್ ಇದ್ದರೆ ಅವರನ್ನು ಟೀ ಕುಡಿಯಲು ಕಳಿಸಿ, ಅಷ್ಟರಲ್ಲಿ ನೀವು ಪುಟ ಮುಗಿಸಿಬಿಡಿ.

ಇಷ್ಟೆಲ್ಲ ಮಾಡಿದ ಮೇಲೂ ಒಬ್ಬರು ಬಂದು ಇದಕ್ಕಿಂತ ಚಿಕ್ಕದು ಕೊಡಿ ಅನ್ನಬಹುದು. ಆಶ್ಚರ್ಯ ಪಡಬೇಡಿ. ಗ್ಲಾಕೋಮಾ, ರೆಟಿನೈಟಿಸ್ ಪಿಗ್ಮೆಂಟೋಸಾದಂಥ ತೊಂದರೆಯಲ್ಲಿ ಸುತ್ತಲಿನ ನೋಟ ಹೋಗಿ ನಡುವೆ ಕೊಳವೆಯೊಳಗಿಂದ ನೋಡಿದ ಹಾಗೆ ಸ್ವಲ್ಪ ಮಾತ್ರ ಉಳಿದಿರುತ್ತದೆ. ಅಂಥವರಿಗೆ ಅಕ್ಷರ ದೊಡ್ಡದಾದಷ್ಟೂ ಆ ಕಿಂಡಿಯಲ್ಲಿ ಹಿಡಿಯುವ ಅಕ್ಷರಗಳು ಕಡಿಮೆಯಾಗುತ್ತವೆ. ಅದಕ್ಕೇ ಮೊದಲ ಉತ್ತರದಲ್ಲಿ ಹೇಳಿದ್ದು, ಕೇಳಿ ಅಂತ.

ನಾನು ಡಿಟಿಪಿ ಮಾಡುವವನು. ಒಂದು ಪುಸ್ತಕದ ಫೈಲನ್ನು ಬ್ರೈಲಿಗೆ ಕಳಿಸಿದೆ. ಬರೀ ಕಸ ಬಂದಿದೆ, ಒಂದು ಪದವೂ ಓದಲಾಗುವುದಿಲ್ಲ ಅಂತ ವಾಪಸ್ ಕಳಿಸಿದರು. ನನ್ನ ಸ್ಕ್ರೀನಿನಲ್ಲಿ ಎಲ್ಲ ಸರಿಯಾಗೇ ಇದೆಯಲ್ಲ!

ನಿಮ್ಮ ಫೈಲ್ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದೆ ಅಲ್ವಾ? ಫೈಲ್ ನೋಡದೆಯೇ ಹೇಳುತ್ತಿದ್ದೇನೆ.

ಆ ಹಳೆಯ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳನ್ನು. ಫಾಂಟ್ ಅದರ ಮೇಲೆ ಕನ್ನಡದ ಮುಖವಾಡ ಹಾಕಿ ತೋರಿಸುತ್ತದೆ. ಕಣ್ಣಿಗೆ ಮುಖವಾಡ ಸಾಕು. ಬ್ರೈಲ್ ತಂತ್ರಾಂಶ ಮುಖವಾಡ ನೋಡುವುದಿಲ್ಲ, ಒಳಗಿನದನ್ನು ಓದುತ್ತದೆ. ಹಾಗಾಗಿ ಮೊದಲ ಕೆಲಸ ಫೈಲನ್ನು ಯೂನಿಕೋಡಿಗೆ, ಅಂದರೆ ಮುಖವಾಡ ಇಲ್ಲದೆ ಒಳಗೂ ಕನ್ನಡ ಅಕ್ಷರವನ್ನೇ ಇಟ್ಟುಕೊಳ್ಳುವ ಪದ್ಧತಿಗೆ, ತರುವುದು. ಪರಿವರ್ತಕಗಳು ಇವೆ, ಒಂದು ಗುಂಡಿ ಒತ್ತಿದರೆ ಆಯಿತು. ಆದರೆ ಆಮೇಲೆ ಓದಿ ನೋಡದೆ ಕಳಿಸಿದರೆ ಇನ್ನೊಂದು ಬಗೆಯ ಕಸ ಬರುತ್ತದೆ.

ಎಲ್ಲಿ ಎಡವುತ್ತದೆ ಅಂತ ಹೇಳುತ್ತೇನೆ. ಮೊದಲನೆಯದು ಅರ್ಕಾವತ್ತು. 'ಸೂರ್ಯ' ಅನ್ನುವಾಗ ರಕಾರ ಮೊದಲು ಉಚ್ಚಾರ ಆಗುತ್ತದೆ, ಬರೆಯುವುದು ಮಾತ್ರ ಕೊನೆಗೆ. ಹಳೆಯ ಫಾಂಟ್ ಅದನ್ನು ಕಾಣುವ ಕ್ರಮದಲ್ಲೇ ಇಟ್ಟಿರುತ್ತದೆ, ಪರಿವರ್ತನೆಯಲ್ಲಿ ಅದು ಪಕ್ಕದ ಅಕ್ಷರದ ಮೇಲೆ ಹಾರಿರುತ್ತದೆ. ಎರಡನೆಯದು ವಿಸರ್ಗ. 'ದುಃಖ' ಅಂತ ಬರೆಯುವಾಗ ವಿಸರ್ಗದ ಬದಲು ಕೋಲನ್ ಒತ್ತುವ ಅಭ್ಯಾಸ ಬಹಳ ಜನರಿಗಿದೆ. ಕಣ್ಣಿಗೆ ಎರಡೂ ಒಂದೇ. ಬ್ರೈಲಲ್ಲಿ ಪದ ನಡುವೆ ಮುರಿದು ಬೀಳುತ್ತದೆ.

ಮೂರನೆಯದು ನನ್ನ ಮಾನ ಕಳೆದದ್ದು. ಸೊನ್ನೆ! ಅನುಸ್ವಾರವೂ ಸೊನ್ನೆ, ಕನ್ನಡ ಅಂಕಿ ಸೊನ್ನೆಯೂ ಸೊನ್ನೆ, ನೋಡಲು ವ್ಯತ್ಯಾಸವೇ ಇಲ್ಲ. ನಾನೊಮ್ಮೆ ಸ್ಕ್ಯಾನ್ ಮಾಡಿಸಿದ ಪುಸ್ತಕವೊಂದರ ಎಂಬತ್ತು ಪುಟ ಒತ್ತಿಸಿ ಹೆಮ್ಮೆಯಿಂದ ಕಳಿಸಿದೆ. ಎಷ್ಟೋ ಕಡೆ ಅನುಸ್ವಾರದ ಜಾಗದಲ್ಲಿ ಅಂಕಿ ಕೂತಿತ್ತು. ಬ್ರೈಲಲ್ಲಿ ಅಂಕಿಗಳಿಗೆ ಬೇರೆ ಆಕಾರ ಇಲ್ಲ. ಸಂಖ್ಯಾಚಿಹ್ನೆ ಅಂತ ಒಂದು ಹಾಕಿದರೆ ಅದರ ಮುಂದಿನ ಕೆಲವು ಅಕ್ಷರಗಳೇ ಅಂಕಿಗಳಾಗುತ್ತವೆ. ಜ ಆಕಾರ ಸೊನ್ನೆ, ದ ಆಕಾರ 4. ಹೀಗಾಗಿ 'ಬಂದರು' ಅಂತ ಇದ್ದದ್ದು ಓದುವವರ ಬೆರಳಿಗೆ 'ಬ04ರು' ಆಗಿ ಸಿಕ್ಕಿತು. ಅವರು ಫೋನ್ ಮಾಡಿ, "ಕಥೆ ಚೆನ್ನಾಗಿದೆ, ಆದರೆ ಎಲ್ಲರೂ ನಂಬರ್ ಪ್ಲೇಟ್ ಹಾಕಿಕೊಂಡು ಓಡಾಡ್ತಿದ್ದಾರೆ" ಅಂದರು. ಎಂಬತ್ತು ಪುಟವೂ ರದ್ದಿಗೆ ಹೋಯಿತು.

ಇಂಗ್ಲಿಷ್ ಪದಗಳನ್ನೂ ನೋಡಿಕೊಳ್ಳಿ. ನಮ್ಮ ಭಾಷೆಗಳಿಗೆಲ್ಲ ಒಂದೇ ಬುಡದ ಭಾರತಿ ಬ್ರೈಲ್ ಬಂದದ್ದು 1951ರಲ್ಲಿ. ಕನ್ನಡದ ಕ, ಹಿಂದಿಯ ಕ, ತಮಿಳಿನ ಕ ಎಲ್ಲಕ್ಕೂ ಅದೇ ಚುಕ್ಕಿಗಳು, ಇಂಗ್ಲಿಷಿನ ಕೆ ಕೂಡ ಅದೇ. ಹೀಗಾಗಿ ಕನ್ನಡ ವಾಕ್ಯದ ನಡುವೆ ಇಂಗ್ಲಿಷ್ ಲಿಪಿಯ ಪದವೊಂದು ಸುಮ್ನೆ ನುಸುಳಿದರೆ ಓದುವವರು ಅದನ್ನು ಕನ್ನಡ ಅಂತಲೇ ಓದಲು ಹೋಗಿ ತಡವರಿಸುತ್ತಾರೆ. ಬಸ್ಸು, ಬ್ಯಾಂಕು ಅಂಥವನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದುಬಿಡಿ.

ಉಳಿದದ್ದು ಕಸ ಗುಡಿಸುವ ಕೆಲಸ. ಸಾಲಿನ ಕೊನೆಯಲ್ಲಿ ಕೈಯಾರೆ ಹಾಕಿದ ಅಡ್ಡಗೆರೆ, ಎರಡೆರಡು ಸ್ಪೇಸ್, ಪ್ರತಿ ಪುಟದ ತಲೆಯ ಮೇಲಿನ ಪುಸ್ತಕದ ಹೆಸರು, ಪೆಟ್ಟಿಗೆಯೊಳಗೆ ಹಾಕಿದ ಬರಹ ಎಲ್ಲವನ್ನೂ ತೆಗೆದು ಒಂದೇ ಧಾರೆಯಾಗಿ ಮಾಡಿ. ಶೀರ್ಷಿಕೆಗಳಿಗೆ ಬರೀ ದಪ್ಪಕ್ಷರ ಹಾಕದೆ ಹೆಡಿಂಗ್ ಸ್ಟೈಲ್ ಕೊಡಿ. ಆಮೇಲೆ ಬ್ರೈಲಿಗೆ ತಿರುಗಿಸುವುದು. ಲಿಬ್‌ಲೂಯಿ ಅನ್ನುವ ಉಚಿತ ತಂತ್ರಾಂಶದಲ್ಲಿ ಯಾವ ಅಕ್ಷರಕ್ಕೆ ಯಾವ ಚುಕ್ಕಿ ಅನ್ನುವ ಕನ್ನಡದ ಪಟ್ಟಿ ಇದೆ, ಬ್ರೈಲ್‌ಬ್ಲಾಸ್ಟರ್ ಅನ್ನುವುದು ಅದನ್ನೇ ಒಳಗಿಟ್ಟುಕೊಂಡು ಕೆಲಸ ಮಾಡುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಡಕ್ಸ್‌ಬರಿಯೂ ಇದೆ. ಯಾವುದರಲ್ಲಿ ಮಾಡಿದರೂ ಫೈಲ್ ಶುದ್ಧವಿದ್ದರೆ ಐದು ನಿಮಿಷದ ಕೆಲಸ. ಇಲ್ಲದಿದ್ದರೆ ಐದು ದಿನ.

ನಾನು ಒಂಬತ್ತನೇ ಕ್ಲಾಸು. ನನ್ನ ಗೆಳತಿಗೆ ಕಣ್ಣು ಕಾಣುವುದಿಲ್ಲ. ಅವಳಿಗೆ ಗೊತ್ತಿಲ್ಲದ ಹಾಗೆ ಬ್ರೈಲಲ್ಲಿ ಕಾಗದ ಬರೆದು ಕೊಡಬೇಕು. ಚಾರ್ಟ್ ನೋಡಿ ಸೂಜಿಯಲ್ಲಿ ಚುಚ್ಚಿದರೆ ಆಗುತ್ತಾ?

ಸೂಜಿ ಬೇಡ ಮಗಳೇ, ಕಾಗದ ತೂತಾಗುತ್ತದೆ. ತೂತು ಬೆರಳಿಗೆ ಚುಕ್ಕಿಯ ಹಾಗೆ ಸಿಗುವುದಿಲ್ಲ, ಕಾಗದ ಹರಿಯದೆ ಉಬ್ಬಬೇಕು. ಅದಕ್ಕೇ ತುದಿ ಮೊಂಡಾದ ಸ್ಟೈಲಸ್ ಇರುತ್ತದೆ, ಜೊತೆಗೆ ಕಿಂಡಿಗಳಿರುವ ಸ್ಲೇಟು. ಅವೆರಡನ್ನೂ ಹೊಂದಿಸಿಕೋ. ಕಾಗದ ನಿನ್ನ ನೋಟ್‌ಬುಕ್ಕಿನದ್ದು ಆಗುವುದಿಲ್ಲ. ಕಾಗದ ಎಷ್ಟು ಗಟ್ಟಿ ಅಂತ ತೂಕದಲ್ಲಿ ಹೇಳುವ ಅಳತೆಗೆ ಜಿಎಸ್‌ಎಂ ಅನ್ನುತ್ತಾರೆ. ನಿನ್ನದು 60, 70 ಜಿಎಸ್‌ಎಂ ಇರುತ್ತದೆ, ಬ್ರೈಲಿಗೆ 120ರಿಂದ 160 ಬೇಕು. ಡ್ರಾಯಿಂಗ್ ಹಾಳೆ ನಡೆಯುತ್ತದೆ.

ಈಗ ಮಜಾ ಕೇಳು. ನೀನು ಒತ್ತಿದ ಚುಕ್ಕಿ ಉಬ್ಬುವುದು ಕಾಗದದ ಹಿಂದಿನ ಬದಿಯಲ್ಲಿ. ಹಾಳೆ ತಿರುಗಿಸಿದಾಗ ಎಡ ಬಲ ಅದಲು ಬದಲಾಗುತ್ತದೆ. ಆದ್ದರಿಂದ ಬರೆಯುವುದು ಬಲದಿಂದ ಎಡಕ್ಕೆ, ಪ್ರತಿ ಅಕ್ಷರವನ್ನೂ ಕನ್ನಡಿಯಲ್ಲಿ ಕಂಡ ಹಾಗೆ. ಮರೆತರೆ ಇ ಹೋಗಿ ಏ ಆಗುತ್ತದೆ, ಹ ಹೋಗಿ ಜ ಆಗುತ್ತದೆ. ಚುಕ್ಕಿಗಳನ್ನು ದೂರ ದೂರ ಹಾಕಿ ದೊಡ್ಡ ಅಕ್ಷರ ಮಾಡಲು ಹೋಗಬೇಡ. ಒಂದು ಸೆಲ್ಲಿನ ಚುಕ್ಕಿಗಳ ನಡುವೆ ಎರಡೂವರೆ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಅಂತರ. ಬೆರಳಿನ ತುದಿಗೆ ಆರೂ ಒಟ್ಟಿಗೆ ಸಿಗಬೇಕು, ಅದೇ ಗುಟ್ಟು. ಲೂಯಿ ಬ್ರೈಲ್‌ಗಿಂತ ಮೊದಲು ಶಾರ್ಲ್ ಬಾರ್ಬಿಯೇ ಅನ್ನುವವರು ಹನ್ನೆರಡು ಚುಕ್ಕಿಯ ಲಿಪಿ ಮಾಡಿದ್ದರು, ಅದು ಬೆರಳಿನ ತುದಿಗಿಂತ ಉದ್ದ. ಲೂಯಿ ಅದನ್ನು ಆರಕ್ಕೆ ಇಳಿಸಿದ. 1824ರಲ್ಲಿ, ಆಗ ಅವನಿಗೆ ಹದಿನೈದು ವರ್ಷ. ನಿನ್ನ ವಯಸ್ಸೇ ಹೆಚ್ಚುಕಡಿಮೆ!

ಮೊದಲ ಕಾಗದದಲ್ಲಿ ತಪ್ಪು ಇದ್ದೇ ಇರುತ್ತದೆ. ಅವಳು ನಗುತ್ತಾಳೆ, ಆಮೇಲೆ ಕಲಿಸುತ್ತಾಳೆ.

ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಬ್ರೈಲಿಗೆ ಕೊಡಬೇಕು. ಅದರಲ್ಲಿ ನಕ್ಷೆ, ಚಿತ್ರ, ಕೋಷ್ಟಕ, ಹೊಂದಿಸಿ ಬರೆಯಿರಿ ಎಲ್ಲ ಇದೆ. ಚಿತ್ರಗಳನ್ನು ಹಾಗೇ ಉಬ್ಬು ಮಾಡಿದರೆ ಸಾಕಾ? – ಶಿಕ್ಷಕಿ

ಸಾಕಾಗುವುದಿಲ್ಲ ಮೇಡಂ. ಕಣ್ಣು ಚಿತ್ರವನ್ನು ಇಡಿಯಾಗಿ ಒಮ್ಮೆ ನೋಡಿ ಆಮೇಲೆ ವಿವರಕ್ಕೆ ಹೋಗುತ್ತದೆ. ಬೆರಳು ಉಲ್ಟಾ, ತುಣುಕು ತುಣುಕಾಗಿ ತಡವಿ ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕು. ಪುಸ್ತಕದ ನಕ್ಷೆಯನ್ನು ಹಾಗೇ ಉಬ್ಬಿಸಿದರೆ ನದಿ, ಗಡಿ, ರಸ್ತೆ ಎಲ್ಲ ಸೇರಿ ಬೆರಳಿಗೆ ಸಿಗುವುದು ಜಡೆಗಟ್ಟಿದ ಕೂದಲು.

ಪ್ರಶ್ನೆ ನದಿಯ ಬಗ್ಗೆ ಇದ್ದರೆ ಗಡಿ ಮತ್ತು ನದಿ ಬಿಟ್ಟು ಉಳಿದದ್ದೆಲ್ಲ ಅಳಿಸಿ. ಗಡಿಗೆ ಒಂದು ಬಗೆಯ ಗೆರೆ, ನದಿಗೆ ಇನ್ನೊಂದು ಬಗೆ. ಎರಡು ಗೆರೆಗಳ ನಡುವೆ ಕನಿಷ್ಠ 3 ಮಿಲಿಮೀಟರ್ ಜಾಗ ಬಿಡಿ. ಹೆಸರುಗಳನ್ನು ನಕ್ಷೆಯ ಒಳಗೆ ತುರುಕಬೇಡಿ, ಬ್ರೈಲ್ ಅಕ್ಷರವನ್ನು ಚಿಕ್ಕದು ಮಾಡಲು ಬರುವುದಿಲ್ಲ. 'ಹಿಮಾಲಯ' ಅಂತ ಬರೆಯಲು ಆರು ಸೆಲ್, ಒಂದೊಂದು ಸೆಲ್ಲಿಗೆ ಆರು ಮಿಲಿಮೀಟರಿಗೂ ಜಾಸ್ತಿ, ಅಂದರೆ ನಾಲ್ಕು ಸೆಂಟಿಮೀಟರಿನ ಹತ್ತಿರ ಹೋಯಿತು. ಒಂದಕ್ಷರದ ಗುರುತು ಹಾಕಿ, ಅದರ ವಿವರವನ್ನು ನಕ್ಷೆಗಿಂತ ಮೊದಲೇ ಬೇರೆ ಪುಟದಲ್ಲಿ ಕೊಡಿ. ಒತ್ತುವುದಕ್ಕೆ ಉಬ್ಬು ಕಾಗದ ಅಂತ ಸಿಗುತ್ತದೆ, ಅದರ ಮೇಲೆ ಕಪ್ಪಿನಲ್ಲಿ ಪ್ರಿಂಟ್ ತೆಗೆದು ಬಿಸಿ ಯಂತ್ರದಲ್ಲಿ ಹಾಯಿಸಿದರೆ ಕಪ್ಪು ಇದ್ದಷ್ಟೂ ಜಾಗ ಉಬ್ಬುತ್ತದೆ. ಅದೂ ಇಲ್ಲದಿದ್ದರೆ ದಾರ, ಉಪ್ಪುಕಾಗದ, ಗೋಂದು. ನಾನು ನೋಡಿದ ಒಳ್ಳೆಯ ನಕ್ಷೆಗಳಲ್ಲಿ ಕೆಲವು ದಾರದಲ್ಲಿ ಅಂಟಿಸಿದವೇ.

ಹೊಂದಿಸಿ ಬರೆಯಿರಿ ಅನ್ನುವುದು ಬ್ರೈಲಲ್ಲಿ ನಿಜವಾದ ಕಾಟ. ಎರಡು ಕಾಲಂ ಪಕ್ಕಪಕ್ಕ ಬಂದರೆ ಬೆರಳು ಈ ಸಾಲಿನಿಂದ ಆ ಸಾಲಿಗೆ ಅಡ್ಡ ಹಾರುತ್ತಾ ದಾರಿ ತಪ್ಪುತ್ತದೆ. ಮೊದಲ ಪಟ್ಟಿ ಪೂರ್ತಿ ಮುಗಿಸಿ, ಅದರ ಕೆಳಗೆ ಎರಡನೇ ಪಟ್ಟಿ ಕೊಡಿ, ಎರಡೂ ಒಂದೇ ಪುಟದಲ್ಲಿ ಬರಲಿ. ಅಗಲವಾದ ಕೋಷ್ಟಕ ಇದ್ದರೆ ಪ್ರತಿ ಅಡ್ಡಸಾಲನ್ನೂ ಒಂದು ಚಿಕ್ಕ ವಾಕ್ಯವಾಗಿ ಬಿಡಿಸಿ ಬರೆಯುವುದೇ ವಾಸಿ. "ಕೆಂಪು ಬಣ್ಣದಲ್ಲಿರುವ ಪದ", "ಪಕ್ಕದ ಚಿತ್ರ ನೋಡಿ" ಇಂಥವು ಎಲ್ಲಿ ಉಳಿದಿವೆ ಅಂತ ಒಮ್ಮೆ ಹುಡುಕಿ. ಪ್ರಶ್ನೆಯ ಅಂಕ ಕೊನೆಯಲ್ಲಿ ಬೇಡ, ಮೊದಲೇ ಇರಲಿ. ಕಣ್ಣು ಕಾಣುವ ಮಗು ಅದನ್ನು ಓರೆಗಣ್ಣಲ್ಲಿ ನೋಡಿಕೊಳ್ಳುತ್ತದೆ, ಬೆರಳಲ್ಲಿ ಓದುವ ಮಗು ಪ್ರಶ್ನೆ ಪೂರ್ತಿ ಓದಿ ಮುಗಿಸಿದ ಮೇಲಷ್ಟೇ ಅಲ್ಲಿಗೆ ತಲುಪುತ್ತದೆ.

ಬ್ರೈಲ್ ಅಕ್ಷರಗಳು ನನಗೆ ಕಣ್ಣಿನಲ್ಲಿ ಓದಲು ಬರುತ್ತದೆ. ಕರಡು ನಾನೇ ತಿದ್ದಿದರೆ ಸಾಲದೇ?

ಮೊದಲ ಸುತ್ತಿಗೆ ಸಾಕು. ಅಚ್ಚು ಹಾಕುವ ಮೊದಲಿನ ಕೊನೆಯ ಸುತ್ತನ್ನು ಬೆರಳಿನಿಂದ ಓದುವವರಿಗೇ ಬಿಡಿ.

ಸರಿಯಾದ ಚುಕ್ಕಿಯ ಎತ್ತರ ಅರ್ಧ ಮಿಲಿಮೀಟರಿನ ಆಸುಪಾಸು. ಎಂಬಾಸರಿನ ಒಂದು ಪಿನ್ ಸವೆದು ಒಂದು ಚುಕ್ಕಿ ಅರೆಬರೆ ಎದ್ದಿದ್ದರೆ ನಿಮ್ಮ ಕಣ್ಣು ಅದನ್ನು ಚುಕ್ಕಿ ಅಂತ ಒಪ್ಪಿಬಿಡುತ್ತದೆ. ಬೆರಳು ಒಪ್ಪುವುದಿಲ್ಲ. ಎರಡೂ ಬದಿ ಒತ್ತಿದ ಹಾಳೆಯಲ್ಲಂತೂ ಉಬ್ಬು ತಗ್ಗು ಬೆರೆತು ಕಣ್ಣಿಗೆ ತಲೆ ಸುತ್ತು ಬರುತ್ತದೆ. ಬೆರಳಿಗೆ ತಗ್ಗು ಲೆಕ್ಕಕ್ಕೇ ಇಲ್ಲ, ಅದು ಉಬ್ಬನ್ನು ಮಾತ್ರ ಓದಿಕೊಂಡು ಹೋಗುತ್ತದೆ. ನಾವು ಮಾಡುವುದು ಹೀಗೆ: ಬ್ರೈಲ್ ಪ್ರತಿಯನ್ನು ಕರಡು ತಿದ್ದುವವರು ಗಟ್ಟಿಯಾಗಿ ಓದುತ್ತಾರೆ, ನಾನು ಎದುರಿಗೆ ಮೂಲ ಹಿಡಿದು ಕೂತಿರುತ್ತೇನೆ, ತಪ್ಪಿದ ಕಡೆ ನಿಲ್ಲಿಸುತ್ತೇನೆ. ನಿಧಾನದ ಕೆಲಸ. ಈ ಕೆಲಸಕ್ಕೆ ಅವರಿಗೆ ಸಂಭಾವನೆ ಕೊಡಿ. ಅವರಿಗೆ ಹೇಗೂ ಪುಸ್ತಕ ಓದಲು ಸಿಕ್ಕಿತಲ್ಲ ಅನ್ನುವ ಮಾತು ನಾನು ಕೇಳಿದ್ದೇನೆ, ದಯವಿಟ್ಟು ಅಂಥವರ ಸಾಲಿಗೆ ಸೇರಬೇಡಿ.

ಫೋನು ಎಲ್ಲವನ್ನೂ ಓದಿ ಹೇಳುವಾಗ ಈ ಚುಕ್ಕಿಗಳ ಗೋಜು ಯಾಕೆ?

ನಿಮಗೂ ಫೋನು ಓದಿ ಹೇಳುತ್ತದೆ. ಆದರೂ ಈ ಪತ್ರಿಕೆಯನ್ನು ಕಣ್ಣಲ್ಲೇ ಓದುತ್ತಿದ್ದೀರಿ ಅಲ್ವಾ?

ಕೇಳಿದ್ದರಲ್ಲಿ ಶ ಯಾವುದು, ಷ ಯಾವುದು ಅಂತ ಗೊತ್ತಾಗುವುದಿಲ್ಲ. ಕೇಳಿಯೇ ಬೆಳೆದ ಮಗುವಿಗೆ ಕಾಗುಣಿತ ಕೈಗೆ ಬರುವುದು ಕಷ್ಟ. ಲೆಕ್ಕದ ಒಂದು ಉದ್ದ ಸಮೀಕರಣವನ್ನು ಕಿವಿಯಲ್ಲಿ ಹಿಡಿದಿಟ್ಟುಕೊಂಡು ಬಿಡಿಸಿ ನೋಡಿ. ಕಿವಿಯೂ ಕೇಳದವರಿಗೆ ಫೋನಿನ ಮಾತಿನಿಂದ ಏನು ಪ್ರಯೋಜನ? ಅಂಥವರಿಗೆ ಓದು ಅಂದರೆ ಬೆರಳೇ. ಅಂದಹಾಗೆ ಫೋನು ಬ್ರೈಲಿನ ಎದುರಾಳಿಯೂ ಅಲ್ಲ. ಪಿನ್ನುಗಳು ಮೇಲೆ ಕೆಳಗೆ ಆಗುತ್ತಾ ಒಂದೊಂದೇ ಸಾಲು ತೋರಿಸುವ ಬ್ರೈಲ್ ಪಟ್ಟಿಗಳನ್ನು ಫೋನಿಗೇ ಜೋಡಿಸಿಕೊಳ್ಳಬಹುದು.

ಲೇಖಕರ ಅನುಮತಿ ಇಲ್ಲದೆ ಪುಸ್ತಕವನ್ನು ಬ್ರೈಲಿಗೆ ತಂದರೆ ತಪ್ಪಾಗುತ್ತದಾ?

ಇದಕ್ಕೆಂದೇ ಮರಕೇಶ್ ಒಪ್ಪಂದ ಅಂತ ಒಂದಿದೆ. 2013ರಲ್ಲಿ ಆದದ್ದು, 2016ರಿಂದ ಜಾರಿಯಲ್ಲಿದೆ, ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ. ಅಚ್ಚಿನ ಪುಸ್ತಕ ಓದಲಾಗದವರಿಗಾಗಿ ಲಾಭದ ಉದ್ದೇಶ ಇಲ್ಲದೆ ಬ್ರೈಲ್, ದೊಡ್ಡಕ್ಷರ, ಆಡಿಯೋ ಪ್ರತಿ ಮಾಡಲು ಹಕ್ಕುಸ್ವಾಮ್ಯ ಅಡ್ಡ ಬರದ ಹಾಗೆ ಸದಸ್ಯ ದೇಶಗಳು ಕಾನೂನು ಮಾಡಿಕೊಳ್ಳಬೇಕು ಅನ್ನುವುದು ಅದರ ತಿರುಳು. ಆ ಪ್ರತಿ ಅವರಿಗೆ ಮಾತ್ರ ಸೇರಬೇಕು, ಎಲ್ಲರಿಗೂ ಹಂಚುವುದಕ್ಕಲ್ಲ. ನಾನಂತೂ ಲೇಖಕರಿಗೊಂದು ಮಾತು ತಿಳಿಸುತ್ತೇನೆ. ಅನುಮತಿಗಿಂತ ಜಾಸ್ತಿ, ಅವರ ಹತ್ತಿರ ಯೂನಿಕೋಡ್ ಫೈಲ್ ಇರಬಹುದು ಅನ್ನುವ ಆಸೆಗೆ!

ಬ್ರೈಲ್ ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟಿದ್ದೆವು. ಕೆಳಗಿನವು ಓದಲು ಬರುತ್ತಿಲ್ಲವಂತೆ.

ಚುಕ್ಕಿಗಳು ಚಪ್ಪಟೆಯಾಗಿವೆ, ವಾಪಸ್ ಬರುವುದಿಲ್ಲ. ಇನ್ನು ಮುಂದೆ ನಿಲ್ಲಿಸಿ ಇಡಿ, ಒತ್ತೊತ್ತಾಗಿ ತುರುಕದೆ. ಸ್ಪೈರಲ್ ಬೈಂಡಿಂಗ್ ಮಾಡಿಸಿ, ಪುಸ್ತಕ ಮೇಜಿನ ಮೇಲೆ ಪೂರ್ತಿ ಬಿಡಿಸಿಕೊಂಡು ಮಲಗಬೇಕು, ಓದಲು ಎರಡು ಕೈಯೂ ಬೇಕಲ್ಲ. ರಕ್ಷಾಪುಟದ ಮೇಲೆ ಹೆಸರು, ಸಂಪುಟದ ಸಂಖ್ಯೆ ಬ್ರೈಲಲ್ಲೂ ಇರಲಿ, ಮಾಮೂಲಿ ಅಕ್ಷರದಲ್ಲೂ ಇರಲಿ. ಅಂಚೆಯಲ್ಲಿ ಕಳಿಸುವುದಾದರೆ ಅಂಧರ ಸಾಹಿತ್ಯ ಅಂತ 7 ಕೆಜಿವರೆಗೆ ಅಂಚೆ ವೆಚ್ಚದಿಂದ ವಿನಾಯಿತಿ ಇದೆ. ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸಿ, ಬಟ್ಟೆ ಚೀಲದಲ್ಲಿ ಬೇಡ.

ನಿಮ್ಮ ಅಂಕಣವನ್ನು ನನಗೆ ಮೊಮ್ಮಗಳು ಓದಿ ಹೇಳುತ್ತಾಳೆ. ನಾನು ಬ್ರೈಲ್ ಓದಬಲ್ಲೆ. ಬ್ರೈಲ್ ಬಗ್ಗೆ ಇಷ್ಟೆಲ್ಲ ಬರೆಯುತ್ತೀರಿ, ಅದು ಬ್ರೈಲಲ್ಲಿ ಯಾಕಿಲ್ಲ? – ಒಬ್ಬ ಹಿರಿಯ ಓದುಗರು

ಸಿಕ್ಕಿಬಿದ್ದೆ ಅಜ್ಜಾ. ನೆಪ ಹೇಳುವುದಿಲ್ಲ. ಈ ಅಂಕಣವನ್ನು ನಿನ್ನೆ ರಾತ್ರಿ ಬ್ರೈಲಿಗೆ ತಿರುಗಿಸಿದೆ, ಮೂವತ್ತು ಪುಟದ ಆಸುಪಾಸು ಬಂದಿದೆ. ಒಂದು ಪ್ರತಿ ಕರಡು ತಿದ್ದುವ ಗೆಳೆಯರ ಹತ್ತಿರ ಇದೆ, ತಿದ್ದಿ ಬಂದ ಕೂಡಲೇ ನಿಮಗೆ ಕಳಿಸುತ್ತೇನೆ. ಬೇರೆ ಯಾರಿಗೆ ಬೇಕಿದ್ದರೂ ಪತ್ರಿಕೆಗೆ ಬರೆಯಿರಿ.

ಇವತ್ತು ಬೆಳಿಗ್ಗೆ ಆ ಕರಡು ತಿದ್ದುವ ಗೆಳೆಯರ ಫೋನ್ ಬಂತು. "ಒಂದು ಕಡೆ ಬ04ರು ಅಂತ ಇದೆಯಲ್ಲ" ಅಂದರು. ಅದು ಬೇಕಂತಲೇ ಹಾಕಿದ್ದು, ಉದಾಹರಣೆಗೆ, ಅಂದೆ. "ಸರಿ, ಆಮೇಲಿನ ಪುಟದಲ್ಲಿ ಇನ್ನೊಂದು ಇದೆ, ಅದು ಯಾವುದಕ್ಕೆ ಉದಾಹರಣೆ?" ಅಂತ ಕೇಳಿದರು.